ನಗುವಿನ ಹಿಂದಿನ ಕೋಣೆ

ಟಿವಿಯಲ್ಲಿ ನಮ್ಮನ್ನು ನಗಿಸುವವರ ಮುಖ ನಮಗೆಲ್ಲ ಪರಿಚಿತ. ಆ ಮಾತುಗಳನ್ನು ಬರೆದುಕೊಟ್ಟವರ ಹೆಸರು ಮಾತ್ರ ಗೊತ್ತಿರುವುದಿಲ್ಲ. ಅದು ತೆರೆಯ ಮೇಲೆ ಮೂಡಿ ಮರೆಯಾಗುವಷ್ಟರಲ್ಲಿ ನಾವು ಚಾನೆಲ್ ಬದಲಿಸಿರುತ್ತೇವೆ. ಅಮೆರಿಕದ ಕೆನ್ ಲೆವೀನ್ ಹೀಗೆ ಮರೆಯಲ್ಲೇ ಉಳಿದ ಬರಹಗಾರ. ಡೇವಿಡ್ ಐಸಾಕ್ಸ್ ಎಂಬ ಜೊತೆಗಾರನೊಂದಿಗೆ ಅವರು ‘ಮ್ಯಾಶ್’, ‘ಚಿಯರ್ಸ್’, ‘ಫ್ರೇಸಿಯರ್’ ಎಂಬ ಹೆಸರಾಂತ ಹಾಸ್ಯ ಧಾರಾವಾಹಿಗಳಿಗೆ ಬರೆದರು. 2017ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ‘ಹಾಲಿವುಡ್ ಅಂಡ್ ಲೆವೀನ್’ ಎಂಬ ಪಾಡ್‌ಕಾಸ್ಟ್ ಆರಂಭಿಸಿ, ಕಸುಬಿನ ಗುಟ್ಟುಗಳನ್ನು ಕೇಳುಗರ ಮುಂದೆ ಬಿಚ್ಚಿಟ್ಟರು.

ಹರೆಯದಲ್ಲಿ ಅವರು ರೇಡಿಯೋದಲ್ಲಿ ಹಾಡು ಹಾಕುತ್ತಿದ್ದವರು, ಮುಂದೆ ಬೇಸ್‌ಬಾಲ್ ವೀಕ್ಷಕ ವಿವರಣೆಯನ್ನೂ ನೀಡಿದವರು. ಆದ್ದರಿಂದ ಮೈಕು ಅವರಿಗೆ ಹೊಸದಲ್ಲ. ಆದರೆ ನಮಗೆ ಹಿಡಿಸಿದ್ದು ಮಾತಿನ ಸರಾಗತೆಗಿಂತ, ಸೋಲನ್ನು ಮುಚ್ಚಿಡದ ಗುಣ. ‘ಮ್ಯಾಶ್’ ಮುಗಿದ ಮೇಲೆ ಅದರ ಬಾಲದಂತೆ ಬಂದ ‘ಆಫ್ಟರ್ ಮ್ಯಾಶ್’ (1983–85) ನೆಲಕಚ್ಚಿತು. ಅದಕ್ಕೂ ಬರೆದ ಲೆವೀನ್ ತಮ್ಮನ್ನೇ ಗೇಲಿ ಮಾಡಿಕೊಳ್ಳುವುದಕ್ಕೆ ಹಿಂಜರಿಯುವುದಿಲ್ಲ. ಯಶಸ್ಸಿನ ಕಥೆ ಹೇಳುವವರು ನಮ್ಮಲ್ಲೂ ಸಾಕಷ್ಟಿದ್ದಾರೆ. ಸೋತ ಸ್ಕ್ರಿಪ್ಟಿನಿಂದ ಕಲಿಯಬಹುದಾದಷ್ಟನ್ನು ಅವರಿಂದ ಕಲಿಯಲಾಗದು.

ಅವರು ಮತ್ತೆ ಮತ್ತೆ ಹೇಳುವುದು ಒಂದೇ: ನಗು ಪಾತ್ರದಿಂದ ಹುಟ್ಟಬೇಕು. ಚಮತ್ಕಾರದ ಮಾತು ಎಷ್ಟೇ ಚೆನ್ನಾಗಿದ್ದರೂ ಆ ಪಾತ್ರ ಅದನ್ನು ಆಡಲಾರದೆಂದರೆ ಅಳಿಸಿಬಿಡಬೇಕು. ಇದಕ್ಕೆ ಸಾಕ್ಷಿಯಾಗಿ ಅವರದೇ ಒಂದು ಕಂತನ್ನು ನೋಡಬಹುದು. ‘ಮ್ಯಾಶ್’ ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯೊಂದರ ಕಥೆ. ಯುದ್ಧ ನಡೆದದ್ದು ಮೂರು ವರ್ಷ, ಧಾರಾವಾಹಿ ನಡೆದದ್ದು ಹನ್ನೊಂದು ವರ್ಷ (1972–83)! 1978ರಲ್ಲಿ ಲೆವೀನ್–ಐಸಾಕ್ಸ್ ಬರೆದ ‘ಪಾಯಿಂಟ್ ಆಫ್ ವ್ಯೂ’ ಕಂತಿನಲ್ಲಿ ಕತ್ತಿಗೆ ಗಾಯವಾಗಿ ಮಾತು ಕಳೆದುಕೊಂಡ ಸೈನಿಕನ ಕಣ್ಣೇ ಕ್ಯಾಮೆರಾ. ವೈದ್ಯರು, ನರ್ಸುಗಳು ಬಾಗಿ ನೋಡುವುದು ನಮ್ಮನ್ನು. ಅವನೊಂದು ಮಾತೂ ಆಡುವುದಿಲ್ಲ. ಸುತ್ತಲಿನವರ ತಮಾಷೆಗಳೆಲ್ಲ ಗಾಯಾಳುವಿನ ಎದುರು ಭಯವನ್ನು ನುಂಗಿಕೊಳ್ಳುವವರ ತಮಾಷೆಗಳೆಂಬುದು ನಮಗೆ ಅರಿವಾಗುವುದು ಆಗಲೇ. ಈ ಧಾರಾವಾಹಿಯ ನಿರ್ಮಾಪಕರಿಗೆ ರೆಕಾರ್ಡು ಮಾಡಿದ ನಗುವೇ ಬೇಡವಾಗಿತ್ತು. ಸಿಬಿಎಸ್ ಚಾನೆಲ್ ಹಟ ಹಿಡಿಯಿತು. ಕೊನೆಗೆ ಆಪರೇಷನ್ ಥಿಯೇಟರಿನ ದೃಶ್ಯಗಳಲ್ಲಿ ನಗು ಕೇಳಿಸಬಾರದೆಂದು ರಾಜಿಯಾಯಿತು. ಸಾವಿನ ಹತ್ತಿರ ಬಾಡಿಗೆ ನಗು ಬೇಡವೆನ್ನುವ ವಿವೇಕ ಇಂದಿನ ಎಷ್ಟು ಚಾನೆಲ್‌ಗಳಿಗಿದೆ?

ಹಾಗಿದ್ದರೂ ನಮ್ಮದೊಂದು ತಕರಾರಿದೆ. ಲೆವೀನ್ ಮುಖ್ಯವಾಗಿ ಕಲಿಸುವುದು ನಗು ಹುಟ್ಟುವ ಬಗೆಯನ್ನು. ಯಾರನ್ನು ನೋಡಿ ನಗುತ್ತಿದ್ದೇವೆ ಎಂಬ ಪ್ರಶ್ನೆ ಅಷ್ಟೇ ದೊಡ್ಡದು. ಪರದೆಯ ಮೇಲೆ ಸಾಬರ ಪಾತ್ರ ಬಂದ ಕೂಡಲೇ ಕನ್ನಡ ಮುರಿಯಬೇಕು, ಜನ ನಗಬೇಕು ಎಂಬ ಸೂತ್ರವನ್ನು ನೋಡುತ್ತಲೇ ಬೆಳೆದ ನಾವು ಅದನ್ನು ಕೇಳದಿರಲಾರೆವು. ‘ಮ್ಯಾಶ್’ನಲ್ಲೇ ಇದಕ್ಕೊಂದು ಉತ್ತರ ಅಡಗಿದೆ. ಲೆಬನಾನ್ ಮೂಲದ ಸೈನಿಕ ಕ್ಲಿಂಗರ್, ಹುಚ್ಚನೆಂದು ಮನೆಗೆ ಕಳುಹಿಸಲಿ ಎಂದು ಹೆಂಗಸರ ಉಡುಪು ತೊಟ್ಟು ತಿರುಗುವವನು. ಒಂದೇ ಕಂತಿನ ಜೋಕಿಗೆಂದು ಹುಟ್ಟಿಸಿದ ಪಾತ್ರವದು. ಅದನ್ನು ಮಾಡಿದ ಜೇಮಿ ಫಾರ್ ಕೂಡ ಲೆಬನಾನ್ ಮೂಲದವರೇ. ವರ್ಷಗಳು ಉರುಳಿದಂತೆ ಅವನಿಗೊಂದು ಊರು, ಸಿಟ್ಟು, ಪ್ರೀತಿ ಎಲ್ಲ ಬಂದವು. 1979ರಲ್ಲಿ ರೇಡಾರ್ ಎಂಬ ಗುಮಾಸ್ತ ಊರಿಗೆ ಮರಳುವ ಎರಡು ಕಂತುಗಳನ್ನು ಬರೆದವರು ಇದೇ ಲೆವೀನ್ ಮತ್ತು ಐಸಾಕ್ಸ್. ಅಲ್ಲಿಂದ ಮುಂದೆ ಗುಮಾಸ್ತನ ಕುರ್ಚಿಯಲ್ಲಿ ಕುಳಿತವನು ಕ್ಲಿಂಗರ್. ಉಡುಪಿನ ಆಟ ನಿಂತಿತು, ನಗು ನಿಲ್ಲಲಿಲ್ಲ. ಅರಬ್ ಹೆಸರೆಂದರೆ ಖಳನೋ ಶೇಖನೋ ಆಗಿದ್ದ ಅಮೆರಿಕದ ಪರದೆಯಲ್ಲಿ ಇದು ಸಣ್ಣ ಮಾತಲ್ಲ.

ಒಂದು ದಿನದ ಜೋಕು ಮನುಷ್ಯನಾಗಲು ಸಮಯ ಬೇಕು, ವಾದಿಸಲು ಜನ ಬೇಕು. ಅಮೆರಿಕದ ಹಾಸ್ಯ ಬರಹ ಬೆಳೆದದ್ದು ಮೇಜಿನ ಸುತ್ತ ಕುಳಿತವರ ಕೋಣೆಯಲ್ಲಿ. ನಟರು ಓದಿದ್ದನ್ನು ಕೇಳಿ, ನಗು ಬಾರದ ಸಾಲುಗಳನ್ನು ರಾತ್ರಿಯಿಡೀ ತಿದ್ದುತ್ತಿದ್ದರು. ಹೊಸಬರು ಹಳಬರ ಪಕ್ಕ ಕುಳಿತೇ ಕಲಿತರು, ಉಸ್ತಾದರ ಬಳಿ ಶಾಗಿರ್ದರು ಕಲಿತ ಹಾಗೆ. ಸ್ಟ್ರೀಮಿಂಗ್ ಕಂಪೆನಿಗಳು ಈ ಕೋಣೆಯನ್ನೇ ಕುಗ್ಗಿಸಿದವು. ಕೆಲವೇ ಜನ, ಕೆಲವೇ ವಾರ, ಚಿತ್ರೀಕರಣದ ಹೊತ್ತಿಗೆ ಬರಹಗಾರರು ಮನೆಯಲ್ಲಿ. 2023ರಲ್ಲಿ ಅಲ್ಲಿನ ಬರಹಗಾರರ ಸಂಘ 148 ದಿನ ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಕಾರಣ. ಒಪ್ಪಂದದಲ್ಲಿ ಕೋಣೆಗೆ ಕನಿಷ್ಠ ಇಂತಿಷ್ಟು ಬರಹಗಾರರು ಇರಬೇಕೆಂಬ ನಿಯಮ ಬಂತು.

ಈ ಹಿನ್ನೆಲೆಯಲ್ಲಿ ಲೆವೀನ್ ಅವರ ಪಾಡ್‌ಕಾಸ್ಟ್ ನಮಗೆ ಖುಷಿಯನ್ನೂ ಕೊಂಚ ಕಸಿವಿಸಿಯನ್ನೂ ತಂದಿತು. ಹಾಲಿವುಡ್ಡಿನಲ್ಲಿ ನೆಂಟರಿಷ್ಟರಿಲ್ಲದ ಯಾವುದೋ ಊರಿನ ಹುಡುಗಿಗೂ ಈ ವಿದ್ಯೆ ಬಿಟ್ಟಿಯಾಗಿ ಸಿಗುತ್ತದೆ. ಆದರೆ ಇಯರ್‌ಫೋನಿನ ಆಚೆ ಇರುವ ಉಸ್ತಾದರಿಗೆ ಅವಳು ಬರೆದದ್ದು ಕೇಳಿಸುವುದಿಲ್ಲ. ಲೆವೀನ್ ಜೊತೆಗಾರ ಐಸಾಕ್ಸ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಥೆ ಪಾಠ ಮಾಡಿದವರು. ಅಂಥ ತರಗತಿಯಲ್ಲಿ ತಾನು ಬರೆದ ಜೋಕನ್ನು ಗಟ್ಟಿಯಾಗಿ ಓದಿದವನಿಗೆ, ಯಾರೂ ನಗಲಿಲ್ಲವೆಂದರೆ, ಅದು ಆ ಗಳಿಗೆಯಲ್ಲೇ ತಿಳಿಯುತ್ತದೆ.