‘ಎಖಾದ್’ ಪದದ ಮೇಲೆ ಹೊರಿಸಿದ ಭಾರ

ಧರ್ಮೋಪದೇಶಕಾಂಡ 6:4ರ ‘ಶೆಮಾ’ ಯೆಹೂದ್ಯರು ಬೆಳಗು ಬೈಗು ಪಠಿಸುವ ವಿಶ್ವಾಸಪ್ರಕಟಣೆ. ದೇವರು ಒಬ್ಬರೇ ಎಂಬುದನ್ನು ಅಲ್ಲಿ ಸಾರುವ ಹೀಬ್ರೂ ಪದ ‘ಎಖಾದ್’. ಈ ಪದ ಸಂಯುಕ್ತ ಏಕತೆಯನ್ನು ಸೂಚಿಸುತ್ತದೆ, ಆದ್ದರಿಂದ ತ್ರಿತ್ವದ ಸುಳಿವು ಶೆಮಾದಲ್ಲಿಯೇ ಅಡಗಿದೆ ಎಂಬ ವಾದ ಕ್ರೈಸ್ತ ಸಮರ್ಥನಾ ಸಾಹಿತ್ಯದಲ್ಲಿ ಪದೇ ಪದೇ ಕಾಣಸಿಗುತ್ತದೆ. ವಾದದ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ; ಅದರ ಆಧಾರವನ್ನು ಮಾತ್ರ ಒಪ್ಪಲಾರೆವು.

ಗಂಡಹೆಂಡಿರು ಒಂದೇ ಶರೀರವಾಗುವುದನ್ನೂ (ಆದಿಕಾಂಡ 2:24), ಎಷ್ಕೋಲ್ ಕಣಿವೆಯ ಒಂದು ದ್ರಾಕ್ಷಿ ಗೊಂಚಲನ್ನೂ (ಸಂಖ್ಯಾಕಾಂಡ 13:23) ಈ ವಾದಿಗಳು ಸಾಕ್ಷಿಯಾಗಿ ಮುಂದಿಡುತ್ತಾರೆ. ಆದರೆ ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ‘ಒಂದು ಗೊನೆ’ ಎಂದಾಗ ಬಹುತ್ವವಿರುವುದು ಗೊನೆಯಲ್ಲಿಯೇ ಹೊರತು ‘ಒಂದು’ ಎಂಬ ಸಂಖ್ಯೆಯಲ್ಲಲ್ಲ. ಅಬ್ರಹಾಮನು ಒಬ್ಬನೇ ಇದ್ದನೆಂದು ಹೇಳುವ ಯೆಜೆಕಿಯೇಲ 33:24ರಲ್ಲಿಯೂ ಇರುವುದು ಅದೇ ‘ಎಖಾದ್’. ಅಲ್ಲಿ ಯಾವ ಸಂಯುಕ್ತತೆಯಿದೆ?

ದೋಷ ವ್ಯಾಕರಣಕ್ಕಷ್ಟೇ ಸೀಮಿತವಲ್ಲ. ಗೊಂಚಲು ಬಿಡಿಗಳಿಂದ ಕೂಡಿದ್ದು, ತ್ರಿತ್ವ ಹಾಗಲ್ಲ. ಮೂವರು ವ್ಯಕ್ತಿಗಳ ಸ್ವಭಾವ ಒಂದೇ, ಅದು ಸಂಪೂರ್ಣವಾಗಿ ಸರಳವಾದದ್ದು ಎಂದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಘೋಷಿಸಿತು. ದೇವರ ಏಕತೆ ಭಾಗಗಳ ಕೂಟವಲ್ಲವೆಂದು ಯೆಹೂದ್ಯ ಚಿಂತಕ ಮೈಮೊನಿದೆಸನೂ 12ನೇ ಶತಮಾನದಲ್ಲಿ ಬೋಧಿಸಿದ್ದನು. ಯೆಹೂದ್ಯರನ್ನು ಒಪ್ಪಿಸಲು ಹೊರಟ ವಾದವು ಅವರ ವಿಶ್ವಾಸವನ್ನೂ ನಮ್ಮ ವಿಶ್ವಾಸವನ್ನೂ ಒಟ್ಟಿಗೇ ತಪ್ಪಾಗಿ ನಿರೂಪಿಸುತ್ತದೆ. ರೋಮನರ ಹಿಂಸೆಯ ನಡುವೆ ರಬ್ಬಿ ಅಕೀವಾ ‘ಎಖಾದ್’ ಎಂಬ ಪದವನ್ನು ದೀರ್ಘವಾಗಿ ಉಚ್ಚರಿಸುತ್ತಲೇ ಪ್ರಾಣಬಿಟ್ಟನೆಂದು ತಾಲ್ಮೂದ್ ಸ್ಮರಿಸುತ್ತದೆ. ಜನಾಂಗವೊಂದು ಪ್ರಾಣ ಕೊಟ್ಟು ಕಾಯ್ದ ಪದವನ್ನು ಒಗಟಾಗಿ ಬಳಸುವುದು ಉಚಿತವಲ್ಲ.

ಈ ಪ್ರಶ್ನೆ ನಮ್ಮ ಸೇವಾಕ್ಷೇತ್ರಕ್ಕೂ ಸಂಬಂಧಿಸಿದ್ದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗಗಳ ಜನರಿಗೆ ಏಕದೇವನಿಷ್ಠೆ ಹೊಸ ವಿಷಯವಲ್ಲ. ಮುರುಘಾಮಠ, ಸಿರಿಗೆರೆಯ ತರಳಬಾಳು ಮಠಗಳ ಈ ನೆಲದಲ್ಲಿ ಶರಣರ ವಚನಗಳು ಅದನ್ನು ಮನೆಮಾತಾಗಿಸಿವೆ. ಶರಣರ ಲಿಂಗಾಂಗ ಸಾಮರಸ್ಯವೂ ಸೃಷ್ಟಿಕರ್ತ ಮತ್ತು ಸೃಷ್ಟಿಯ ಭೇದವನ್ನು ಬಿಡದ ಶೆಮಾವೂ ಒಂದೇ ಅಲ್ಲವೆಂಬುದು ನಿಜ. ಆದರೂ ‘ಒಬ್ಬನೇ’ ಎಂಬ ಮಾತಿನ ತೂಕ ಬಲ್ಲ ಕೇಳುಗರ ಮುಂದೆ ಅದಕ್ಕೆ ‘ಹಲವು ಕೂಡಿದ ಒಂದು’ ಎಂದು ಅರ್ಥ ಹೇಳಿದರೆ, ನಾವು ಬಹುದೇವರನ್ನು ಮರೆಮಾಚುತ್ತಿದ್ದೇವೆಂದೇ ಅವರು ಭಾವಿಸಿಯಾರು.

ಇದಕ್ಕಿಂತ ಉತ್ತಮವಾದ ಸಾಧನ ನಮ್ಮ ನುಡಿಯಲ್ಲಿಯೇ ಇದೆ. ಕನ್ನಡವು ‘ಒಬ್ಬನು’ ಮತ್ತು ‘ಒಂದು’ಗಳನ್ನು ಬೇರ್ಪಡಿಸುತ್ತದೆ, ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯೂ ಹಾಗೆಯೇ. ಮಾರ್ಕ 12:29ರಲ್ಲಿ ಪ್ರಭು ಯೇಸು ಶೆಮಾವನ್ನು ಉಲ್ಲೇಖಿಸುವಾಗ ಇರುವುದು ಪುಲ್ಲಿಂಗದ ‘ಹೇಯ್ಸ್’. ಯೊವಾನ್ನ 10:30ರಲ್ಲಿ ಪಿತನೊಡನೆ ತಮಗಿರುವ ಐಕ್ಯವನ್ನು ಸಾರುವಾಗ ಇರುವುದು ನಪುಂಸಕಲಿಂಗದ ‘ಹೆನ್’. ಪಿತ ಮತ್ತು ಪುತ್ರ ಒಬ್ಬ ವ್ಯಕ್ತಿಯಲ್ಲ, ಆದರೆ ಒಂದು ಎಂಬ ಈ ಅಂತರವನ್ನು ತೆರ್ತುಲ್ಲಿಯನನು ಪ್ರಾಕ್ಸೆಯಸನ ವಿರುದ್ಧ ಬರೆದ ಕೃತಿಯಲ್ಲಿ ಗುರುತಿಸಿದ್ದನು. ತ್ರಿತ್ವದ ವಿಶ್ವಾಸ ಕ್ರಿಸ್ತನಲ್ಲಿ ಪ್ರಕಟವಾದದ್ದು. ಹೀಬ್ರೂ ಸಂಖ್ಯಾವಾಚಕವೊಂದರಿಂದ ಅದನ್ನು ಹಿಂಡಿ ತೆಗೆಯಬೇಕಾಗಿಲ್ಲ.

ದೇವರು ಒಬ್ಬರೇ, ಅವರ ಹೊರತು ಬೇರೊಬ್ಬರಿಲ್ಲವೆಂದ ಧರ್ಮಶಾಸ್ತ್ರಿಯನ್ನು ಯೇಸು ತಿದ್ದಲಿಲ್ಲ. ದೇವರ ಸಾಮ್ರಾಜ್ಯದಿಂದ ಅವನು ದೂರವಿಲ್ಲವೆಂದೇ ನುಡಿದರು. ಶೆಮಾವನ್ನು ಬೋಧಿಸುವ ನಾವೂ ಅದನ್ನು ತಿದ್ದಹೋಗದೆ ಮೊದಲು ಆಲಿಸಬೇಕು.