ಸಿ.ಡಿ.ಯ ಆಯುಸ್ಸು ನೂರು ವರ್ಷವೇ?

ಇತ್ತೀಚೆಗೆ ನಮ್ಮ ವಿಭಾಗದ ಹಳೆಯ ಬೀರುವೊಂದನ್ನು ತೆರವು ಮಾಡುವಾಗ, 2004ರಲ್ಲಿ ವಿದ್ಯಾರ್ಥಿಯೊಬ್ಬರು ತಮ್ಮ ಸಂಶೋಧನೆಯ ಅಳತೆಗಳನ್ನು ತುಂಬಿಟ್ಟಿದ್ದ ಹನ್ನೆರಡು ಸಿ.ಡಿ.ಗಳು ಸಿಕ್ಕವು. ಡಬ್ಬಿಯ ಮೇಲೆ ‘ಬಾಳಿಕೆ ನೂರು ವರ್ಷ’ ಎಂಬ ಮುದ್ರೆ ಇತ್ತು. ಅವನ್ನು ಓದುವ ಡ್ರೈವ್ ವಿಭಾಗದ ಯಾವ ಗಣಕದಲ್ಲೂ ಇರಲಿಲ್ಲ. ಹಳೆಯ ಯಂತ್ರವೊಂದನ್ನು ಹುಡುಕಿ ತಂದು ನೋಡಿದಾಗ ಐದು ಸಿ.ಡಿ.ಗಳು ತೆರೆಯಲೇ ಇಲ್ಲ. ಆ ಅಳತೆಗಳಿಗೆ ಬೇರೆ ಪ್ರತಿ ಇಲ್ಲ. ಹಾಗಾದರೆ ‘ನೂರು ವರ್ಷ’ ಎಂಬುದು ಸುಳ್ಳೇ? ಸುಳ್ಳೆನ್ನುವಂತಿಲ್ಲ, ಆದರೆ ನಾವು ತಿಳಿದುಕೊಂಡ ಅರ್ಥದಲ್ಲಿ ಅದು ಸತ್ಯವೂ ಅಲ್ಲ.

ಸಿ.ಡಿ. ಮಾರುಕಟ್ಟೆಗೆ ಬಂದದ್ದೇ 1982ರಲ್ಲಿ. ನೂರು ವರ್ಷದ ಸಿ.ಡಿ.ಯನ್ನು ಯಾರೂ ಕಂಡಿಲ್ಲ. ಆದರೂ ಅಮೆರಿಕದ ರಾಷ್ಟ್ರೀಯ ಮಾನಕ ಹಾಗೂ ತಂತ್ರಜ್ಞಾನ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ, ಒಮ್ಮೆ ಬರೆಯಬಹುದಾದ ಸಿ.ಡಿ.ಗೆ 100ರಿಂದ 200 ವರ್ಷ, ಅಳಿಸಿ ಬರೆಯುವ ಸಿ.ಡಿ.ಗೆ 25 ವರ್ಷ ಎಂಬ ತಯಾರಕರ ಅಂದಾಜು ದಾಖಲಾಗಿದೆ. ಈ ಸಂಖ್ಯೆಗಳು ಬಂದದ್ದು ‘ತ್ವರಿತ ಮುಪ್ಪು’ ಪರೀಕ್ಷೆಯಿಂದ. ಸಿ.ಡಿ.ಗಳನ್ನು 65ರಿಂದ 85 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಹೆಚ್ಚು ಆರ್ದ್ರತೆಯಲ್ಲಿ ವಾರಗಟ್ಟಲೆ ಇರಿಸಿ, ಓದುವಾಗ ಕಾಣುವ ದೋಷಗಳನ್ನು ಎಣಿಸುತ್ತಾರೆ. ಅನಂತರ, ರಾಸಾಯನಿಕ ಕ್ರಿಯೆಯ ವೇಗಕ್ಕೂ ಉಷ್ಣತೆಗೂ ಇರುವ ಅರ‍್ಹೀನಿಯಸ್ ಸಂಬಂಧವನ್ನು ಬಳಸಿ 25 ಡಿಗ್ರಿಗೆ ಆಯುಸ್ಸನ್ನು ಲೆಕ್ಕ ಹಾಕುತ್ತಾರೆ. ವಿಧಾನ ಶಾಸ್ತ್ರೀಯವೇ. ಆದರೆ ಅದರ ಫಲಿತಾಂಶವನ್ನು ಡಬ್ಬಿಯ ಮೇಲೆ ಭರವಸೆಯಂತೆ ಮುದ್ರಿಸುವುದಕ್ಕೆ ಮೂರು ಆಕ್ಷೇಪಗಳಿವೆ.

ಮೊದಲನೆಯದು ಲೆಕ್ಕದ ಸೂಕ್ಷ್ಮತೆ. ಆರ್ದ್ರತೆಯನ್ನು ಸದ್ಯಕ್ಕೆ ಬದಿಗಿಡೋಣ. 85 ಡಿಗ್ರಿಯಲ್ಲಿ ಸಿ.ಡಿ.ಯೊಂದು 1000 ಗಂಟೆ, ಅಂದರೆ ಸುಮಾರು 42 ದಿನ, ಬಾಳಿತೆನ್ನಿ. ಅದನ್ನು ಕೆಡಿಸುವ ಕ್ರಿಯೆಯ ಸಕ್ರಿಯಣ ಶಕ್ತಿ 0.8 ಎಲೆಕ್ಟ್ರಾನ್ ವೋಲ್ಟ್ ಆದರೆ, 25 ಡಿಗ್ರಿಯಲ್ಲಿ ಆಯುಸ್ಸು ಸುಮಾರು 185 ಪಟ್ಟು ಹೆಚ್ಚಿ 21 ವರ್ಷವಾಗುತ್ತದೆ. ಅದೇ ಶಕ್ತಿ 1.0 ಎಲೆಕ್ಟ್ರಾನ್ ವೋಲ್ಟ್ ಆದರೆ ಸುಮಾರು 680 ಪಟ್ಟು ಹೆಚ್ಚಿ 78 ವರ್ಷವಾಗುತ್ತದೆ! ಸಕ್ರಿಯಣ ಶಕ್ತಿಯ ಅಳತೆಯಲ್ಲಿ ಆಗುವ ಸಣ್ಣ ತಪ್ಪು ಘಾತಾಂಕದಲ್ಲಿ ಕುಳಿತು ದಶಕಗಳನ್ನೇ ಅದಲುಬದಲು ಮಾಡುತ್ತದೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಎರಡನೆಯದು, ಪರೀಕ್ಷೆಯ ಒಲೆಯೇ ಬೇರೆ, ನಮ್ಮ ಬೀರುವೇ ಬೇರೆ. ಒಮ್ಮೆ ಬರೆಯಬಹುದಾದ ಸಿ.ಡಿ.ಯಲ್ಲಿ ಮಾಹಿತಿ ಇರುವುದು ಸಾಮಾನ್ಯವಾಗಿ ಸಾವಯವ ಬಣ್ಣದ ತೆಳುಪದರದಲ್ಲಿ; ಬಿಸಿಲು ಅದನ್ನು ಕೆಡಿಸುತ್ತದೆ. ಅದರ ಮೇಲಿನ ಬೆಳ್ಳಿಯ ಪದರವನ್ನು ಗಾಳಿಯಲ್ಲಿನ ಗಂಧಕದ ಸಂಯುಕ್ತಗಳು ಕಪ್ಪಾಗಿಸುತ್ತವೆ. ಆ ಬೆಳ್ಳಿಗೆ ರಕ್ಷಣೆ ಕೇವಲ ಒಂದು ತೆಳುವಾದ ಮೆರುಗು. ಹೀಗಾಗಿ ಹೆಸರು ಬರೆಯುವ ಮೇಲ್ಭಾಗದ ಗೀರೇ ಹೆಚ್ಚು ಅಪಾಯಕಾರಿ. ಇಷ್ಟಾದರೂ ಕೆಡುಕು ಹೊರಗೆ ಕಾಣುವುದಿಲ್ಲ. ದತ್ತಾಂಶದ ಜೊತೆಗೇ ಬರೆದಿರುವ ರೀಡ್–ಸಾಲೊಮನ್ ಸಂಕೇತವು ಸಾವಿರಾರು ತಪ್ಪುಗಳನ್ನು ಮೌನವಾಗಿ ತಿದ್ದುತ್ತಿರುತ್ತದೆ. ತಿದ್ದುವ ಮಿತಿ ಮೀರಿದ ದಿನ ಕಡತ ಒಮ್ಮೆಗೇ ಹೋಗುತ್ತದೆ. ‘ನಿನ್ನೆ ಓದುತ್ತಿತ್ತು’ ಎಂಬುದು ಆರೋಗ್ಯದ ಪ್ರಮಾಣಪತ್ರವಲ್ಲ.

ಮೂರನೆಯದೇ ಮುಖ್ಯ. ಓದುವ ಯಂತ್ರಕ್ಕೂ ಆಯುಸ್ಸಿದೆ. ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಸಮೀಕ್ಷೆಯ 900ನೆಯ ವರ್ಷದ ನೆನಪಿಗೆ ಬಿ.ಬಿ.ಸಿ. 1986ರಲ್ಲಿ ಹೊಸ ಸಮೀಕ್ಷೆಯೊಂದನ್ನು ನಡೆಸಿ, ಅದನ್ನು ಲೇಸರ್ ತಟ್ಟೆಗಳಲ್ಲಿ ತುಂಬಿಸಿತು. ಹದಿನಾರೇ ವರ್ಷಗಳಲ್ಲಿ ಅವನ್ನು ಓದುವ ಯಂತ್ರಗಳು ಅಪರೂಪವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ ರಚಿಸಿ ತೋರಿಸಬೇಕಾಯಿತು. 1086ರ ಚರ್ಮದ ಹಾಳೆಗಳನ್ನಾದರೋ ಇಂದಿಗೂ ಬರಿಗಣ್ಣಿನಿಂದ ಓದಬಹುದು.

ಆದ್ದರಿಂದ ಸಾವಯವ ಬಣ್ಣದ ಬದಲು ನಿರವಯವ ಪದರವಿರುವ, ‘ಸಾವಿರ ವರ್ಷ’ ಬಾಳುವುದೆಂದು ಹೇಳಿಕೊಳ್ಳುವ ಎಂ-ಡಿಸ್ಕ್ ಕೂಡ ಅರ್ಧ ಪ್ರಶ್ನೆಗೆ ಮಾತ್ರ ಉತ್ತರ. ಸೋನಿ ಸಂಸ್ಥೆಯು 2025ರ ಫೆಬ್ರವರಿಯಲ್ಲಿ ಬರೆಯಬಹುದಾದ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನೇ ನಿಲ್ಲಿಸಿತು. ತಟ್ಟೆ, ಡ್ರೈವ್, ಕಡತದ ವಿನ್ಯಾಸ – ಈ ಮೂರರಲ್ಲಿ ಯಾವುದು ಮೊದಲು ಸಾಯುತ್ತದೋ ಅದೇ ದತ್ತಾಂಶದ ಆಯುಸ್ಸು.

ಪಂಪನ ಕಾವ್ಯ ಹತ್ತು ಶತಮಾನ ದಾಟಿ ನಮಗೆ ದೊರೆತದ್ದು ಅವನ ಕಾಲದ ಓಲೆಗರಿ ಗಟ್ಟಿಯಾಗಿತ್ತೆಂದಲ್ಲ. ಗರಿ ಶಿಥಿಲವಾಗುವ ಮೊದಲೇ ಯಾರೋ ಪ್ರತಿ ಮಾಡಿದ್ದರಿಂದ. ನಮಗೂ ದಾರಿ ಅದೇ. ಮುಖ್ಯ ದತ್ತಾಂಶದ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಮಾಧ್ಯಮಗಳಲ್ಲಿರಲಿ. ಒಂದು ಬೇರೆ ಊರಿನಲ್ಲಿರಲಿ. ವರ್ಷಕ್ಕೊಮ್ಮೆ ತೆರೆದು ಮೂಲದೊಡನೆ ಹೋಲಿಸಿ, ಕೆಲವು ವರ್ಷಗಳಿಗೊಮ್ಮೆ ಹೊಸ ಮಾಧ್ಯಮಕ್ಕೆ ವರ್ಗಾಯಿಸಿ. ಪ್ರಯೋಗಾಲಯಗಳಲ್ಲಿ ಉಪಕರಣಗಳ ವಾರ್ಷಿಕ ತಪಾಸಣೆ ಇದೆ. ಅಳತೆಗಳಿಗೂ ಅದು ಬೇಡವೇ?