ಮಂಜುಗಡ್ಡೆಯೊಳಗಿನ ಧೂಳು ಹೇಳುವುದೆಷ್ಟು?

ಫ್ಯಾಬ್ರಿಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು 2008ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಅಂಟಾರ್ಕ್ಟಿಕಾದ ಮೇಲೆ ಎಂಟು ಲಕ್ಷ ವರ್ಷ ಉದುರಿದ ಧೂಳಿನ ಲೆಕ್ಕ ಒಪ್ಪಿಸುತ್ತದೆ. ಯುರೋಪಿನ ಎಪಿಕಾ ತಂಡ ಡೋಮ್ ಸಿ ಎಂಬಲ್ಲಿ 3,200 ಮೀಟರಿಗೂ ಆಳಕ್ಕೆ ಕೊರೆದು ತೆಗೆದ ಮಂಜುಗಡ್ಡೆಯೇ ಅದರ ಆಧಾರ. ಹವಾಮಾನ ಚರಿತ್ರೆಯ ಕೆಲಸಗಳಲ್ಲಿ ಇದಕ್ಕೆ ನಾನು ಮೊದಲ ಸಾಲಿನ ಜಾಗ ಕೊಡುತ್ತೇನೆ.

ಅಳತೆಯ ಒಂದು ಬಗೆ ಹೀಗೆ: ಮಂಜುಗಡ್ಡೆ ಕರಗಿಸಿದ ನೀರನ್ನು ವಿದ್ಯುತ್ ಹರಿಯುತ್ತಿರುವ ಸೂಕ್ಷ್ಮ ರಂಧ್ರದ ಮೂಲಕ ಹಾಯಿಸುತ್ತಾರೆ. ಕಣವೊಂದು ನುಸುಳಿದೊಡನೆ ವಿದ್ಯುತ್ತಿಗೆ ಅರೆಕ್ಷಣ ತಡೆಯಾಗುತ್ತದೆ. ತಡೆ ಹೆಚ್ಚಿದಷ್ಟೂ ಕಣ ದೊಡ್ಡದು. ಹೆಚ್ಚಿನವು ಎರಡು ಮೈಕ್ರಾನಿನ ಆಸುಪಾಸಿನವು. ಕೊರೆಯುವಾಗ ಹೊರಮೈಗೆ ಅಂಟಿದ ಕೊಳೆ ಈ ನೀರಿಗೆ ಸೇರಿದರೆ ಇಡೀ ಲೆಕ್ಕ ಕೆಟ್ಟಂತೆ.

ಹಿಮಯುಗ ತೀವ್ರವಾಗಿದ್ದಾಗ ಬೆಚ್ಚನೆಯ ಕಾಲಕ್ಕಿಂತ ಸುಮಾರು 25 ಪಟ್ಟು ಧೂಳು ಬಿದ್ದಿತ್ತು ಎಂಬುದು ಪ್ರಬಂಧದ ಮುಖ್ಯ ಮಾತು. ಇಲ್ಲಿ ಲೇಖಕರ ಎಚ್ಚರ ಮೆಚ್ಚಬೇಕು. ಹಿಮ ಬೀಳುವುದೇ ಅರ್ಧಕ್ಕಿಳಿದರೆ, ಧೂಳು ಹೆಚ್ಚದಿದ್ದರೂ ಕರಗಿದ ನೀರಿನಲ್ಲಿ ಅದು ಇಮ್ಮಡಿ ಕಾಣುತ್ತದೆ. ಹಾಗಾಗಿ ಅವರು ನೀರಿನಲ್ಲಿರುವ ಪ್ರಮಾಣಕ್ಕೆ ನಿಲ್ಲದೆ, ವರ್ಷಕ್ಕೆ ಒಂದು ಚದರ ಮೀಟರಿನ ಮೇಲೆ ಎಷ್ಟು ಬಿತ್ತೆಂದು ಲೆಕ್ಕ ಹಾಕಿದ್ದಾರೆ.

ಈ ಧೂಳು ಎಲ್ಲಿಯದು? ಸ್ಟ್ರಾನ್ಷಿಯಂ, ನಿಯೋಡಿಮಿಯಂ ಐಸೊಟೋಪುಗಳು ಹಿಮಯುಗದ ಧೂಳಿನ ಮಟ್ಟಿಗೆ ದಕ್ಷಿಣ ಅಮೆರಿಕದ ತುದಿಯನ್ನು, ಮುಖ್ಯವಾಗಿ ಪೆಟಗೋನಿಯಾವನ್ನು ತೋರಿಸುತ್ತವೆ. ಬೆಚ್ಚನೆಯ ಕಾಲದ ಮಂಜುಗಡ್ಡೆಯಲ್ಲಿ ಧೂಳೇ ಅತ್ಯಲ್ಪ. ಅಲ್ಲಿ ಈ ಪರೀಕ್ಷೆ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ತೀರಾ ಆಳದ ಪದರಗಳಲ್ಲಿ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗಾತ್ರದ ಅಳತೆಯನ್ನೂ ಅನುಮಾನದಿಂದಲೇ ನೋಡಬೇಕು.

ನನ್ನ ತಕರಾರು ಈ ಪ್ರಬಂಧದ ಮೇಲಲ್ಲ, ಇಂಥ ದಾಖಲೆಗಳನ್ನು ಹಿಡಿದು ಆಡುವ ದೊಡ್ಡ ಮಾತುಗಳ ಮೇಲೆ. ಧೂಳಿನ ಕಬ್ಬಿಣ ದಕ್ಷಿಣ ಸಾಗರದ ಪಾಚಿಗೆ ಗೊಬ್ಬರವಾಗಿ, ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ, ಭೂಮಿ ಇನ್ನಷ್ಟು ತಣ್ಣಗಾಯಿತೆಂದು ಜಾನ್ ಮಾರ್ಟಿನ್ 1990ರಲ್ಲಿ ವಾದಿಸಿದರು. ವಾದದಲ್ಲಿ ಹುರುಳಿದೆ. ಆದರೆ ಡೋಮ್ ಸಿಯ ಧೂಳು ತಾಪಮಾನದ ಜೊತೆ ಬಿಗಿಯಾಗಿ ಹೆಜ್ಜೆ ಹಾಕುವುದು ಚಳಿ ಗಾಢವಾಗಿದ್ದಾಗ ಮಾತ್ರ. ಬೆಚ್ಚನೆಯ ಕಾಲದಲ್ಲಿ ಆ ನಂಟು ಸಡಿಲುತ್ತದೆ. ಪೆಟಗೋನಿಯಾ ಒಣಗಿದ್ದು, ಮಳೆ ತಗ್ಗಿ ಧೂಳು ಗಾಳಿಯಲ್ಲಿ ಹೆಚ್ಚು ಕಾಲ ಉಳಿದದ್ದು, ಇವೆಲ್ಲ ಚಳಿಯ ಪರಿಣಾಮಗಳೂ ಹೌದು. ಹಿಮಯುಗ ಹೇಗಿತ್ತೆಂಬುದಕ್ಕೆ ಈ ಧೂಳಿನ ಸಾಕ್ಷ್ಯ ಗಟ್ಟಿ. ಅದನ್ನು ತಂದದ್ದು ಧೂಳೇ ಎಂದು ತೀರ್ಪು ಕೊಡಲು ಇಷ್ಟು ಸಾಲದು.